ತಬಸ್ಸುಮಳ ಉಡಿಚೀಲ

ಇಜೇರಿ ಊರಿನ ತಬಸ್ಸುಮ ಬೆಳಿಗ್ಗೆ ಏಳುವಾಗಲೇ ದಣಿದಿರುತ್ತಿದ್ದಳು. ನಿದ್ದೆಯಲ್ಲಿ ಇಳಿಯಬೇಕಾದ ದಣಿವು ಇಳಿಯದೆ ಸೊಂಟದಲ್ಲಿ, ಹೆಗಲಲ್ಲಿ ಹಾಗೇ ಉಳಿದುಬಿಡುತ್ತಿತ್ತು. ನೀರು ತರಬೇಕು, ರೊಟ್ಟಿ ಬಡಿಯಬೇಕು, ಮಕ್ಕಳನ್ನು ಶಾಲೆಗೆ ಕಳಿಸಬೇಕು, ಬಿಸಿಲೇರುವ ಮೊದಲು ಯಾರದೋ ತೊಗರಿ ಹೊಲಕ್ಕೆ ಕಳೆ ತೆಗೆಯಲು ಹೋಗಬೇಕು. ಗಂಡ ಮೆಹಬೂಬ ಜೇವರ್ಗಿಯ ವೆಲ್ಡಿಂಗ್ ಅಂಗಡಿಗೆ ಹೋಗುವವನು. ಮುಂಜಾನೆಯ ಬಸ್ಸು ಹತ್ತಿದರೆ ಕತ್ತಲಾದ ಮೇಲೆಯೇ ಅವನ ಮುಖ ಕಾಣುತ್ತಿದ್ದದ್ದು.

ಇಷ್ಟರ ನಡುವೆ ಕೋಳಿಗಳಿದ್ದವು. ಅವು ಅತ್ತೆ ಪ್ಯಾರಿಬಿಯವು. ಮರಿಯಿಂದ ಸಾಕಿ, ಬೆಕ್ಕಿನಿಂದ ಕಾದು, ತತ್ತಿ ಮಾರಿ ಮನೆಯ ಎಣ್ಣೆ, ಚಹಾಪುಡಿ ತಂದವಳು ಅವಳು. ಮೊಣಕಾಲು ಕೈಕೊಟ್ಟ ಮೇಲೆ ಅವಳು ಬಾಗಿಲ ಬಳಿಯ ಮಂಚ ಬಿಟ್ಟು ಹೆಚ್ಚು ಏಳುತ್ತಿರಲಿಲ್ಲ. ಕೋಳಿಗಳ ಕೆಲಸ ತಾನಾಗಿ ಸೊಸೆಯ ಪಾಲಿಗೆ ಬಂತು. ಯಾರೂ ಕೊಡಲಿಲ್ಲ, ಅವಳೂ ಕೇಳಲಿಲ್ಲ.

ಆ ಕೋಳಿಗಳಿಗೆ ಗೂಡೆಂಬುದು ಇರಲಿಲ್ಲ. ಒಂದು ಕೋಳಿ ಜೋಳದ ಒಣ ದಂಟಿನ, ಕಣಿಕೆಯ ಬಣವೆಯೊಳಗೆ ತತ್ತಿ ಇಟ್ಟರೆ ಇನ್ನೊಂದು ಮಗುಚಿ ಬಿದ್ದ ನೀರಿನ ಡ್ರಮ್ಮಿನಲ್ಲಿ, ಮತ್ತೊಂದು ಆಡು ಕಟ್ಟುವ ತಗಡಿನ ಚಪ್ಪರದ ಕೆಳಗಿನ ಅಟ್ಟದ ಮೇಲೆ. ತಬಸ್ಸುಮ ಸೀರೆಯ ಸೆರಗನ್ನು ಜೋಳಿಗೆ ಮಾಡಿ ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಒಂದೊಂದೇ ಆರಿಸಿ ಹಾಕಿಕೊಳ್ಳುತ್ತಿದ್ದಳು. ಅಟ್ಟಕ್ಕೆ ಏಣಿ ಹತ್ತುವಾಗ ಹಿಡಿಯಲು ಇರುತ್ತಿದ್ದದ್ದು ಒಂದೇ ಕೈ.

ಒಂದು ದಿನ ಏಣಿ ಇಳಿಯುತ್ತಿದ್ದಾಗ ಆಡು ಬಂದು ಕಾಲಿಗೆ ಹಾಯ್ದಿತು. ಅವಳು ಬೀಳಲಿಲ್ಲ, ಆದರೆ ಕೈ ತಾನಾಗಿ ಸೆರಗು ಬಿಟ್ಟು ಏಣಿ ಹಿಡಿಯಿತು. ತತ್ತಿಗಳೆಲ್ಲ ನೆಲಕ್ಕೆ ಬಿದ್ದು ಒಡೆದವು.

"ಕಣ್ಣ ಎಲ್ಲಿಟ್ಟಿದ್ದಿ ಬೇ?" ಪ್ಯಾರಿಬಿ ಮಂಚದ ಮೇಲಿಂದಲೇ ಕೂಗಿದಳು.

"ಆಡ ಬಂತ್ರಿ ಅಮ್ಮಾ."

"ಆಡ ದಿನಾ ಇರ್ತದ. ಇವತ್ತ ಹೊಸದಾಗಿ ಬಂತೇನ?"

ತಬಸ್ಸುಮ ಚಿಪ್ಪುಗಳನ್ನು ಆರಿಸಿ ತಿಪ್ಪೆಗೆ ಹಾಕಿದಳು. ಸೀರೆ ಬದಲಿಸಲು ಹೊತ್ತಿರಲಿಲ್ಲ. ತತ್ತಿಯ ಲೋಳೆ ಮೆತ್ತಿದ ಸೆರಗನ್ನು ತೊಳೆದು ಹಿಂಡಿಕೊಂಡು ಹಾಗೇ ಹೊಲಕ್ಕೆ ಹೋದಳು. ಬಿಸಿಲಿಗೆ ಒಣಗಿದ ಸೆರಗು ದಿನವಿಡೀ ತತ್ತಿಯ ವಾಸನೆ ಹೊಡೆಯಿತು. ಪಕ್ಕದ ಸಾಲಿನಲ್ಲಿ ಕಳೆ ತೆಗೆಯುತ್ತಿದ್ದ ಸುಂದರಬಾಯಿ, "ಯಾಕ ಒಂದ ಚೀಲ ಕಟಗೋಬಾರ್ದೇನ ಸೊಂಟಕ್ಕ? ಹತ್ತಿ ಬಿಡಸೂ ಮುಂದ ಕಟಗೋತೀವಲ್ಲ, ಹಂಗ," ಅಂದಳು.

"ಹತ್ತಿ ಒಡೀತದೇನವಾ?" ಎಂದು ತಬಸ್ಸುಮ ನಕ್ಕಳು. ಆದರೆ ಮಾತು ತಲೆಯಲ್ಲಿ ಕೂತಿತು.

ಶುಕ್ರವಾರ ಕೂಲಿಯಿರಲಿಲ್ಲ. ಮಧ್ಯಾಹ್ನ ಮೆಹಬೂಬನ ಹರಿದ ಪ್ಯಾಂಟುಗಳನ್ನು ಹರವಿಕೊಂಡು ಕೂತಳು. ವೆಲ್ಡಿಂಗಿನ ಕಿಡಿ ಬಿದ್ದು ಮೊಣಕಾಲ ಕೆಳಗೆಲ್ಲ ತೂತು, ಮೇಲಿನ ಬಟ್ಟೆ ಮಾತ್ರ ಗಟ್ಟಿ. ಒಂದೊಂದು ಪ್ಯಾಂಟಿಗೂ ನಾಲ್ಕು ಕಿಸೆ. ಅವನ್ನು ಬಿಚ್ಚುತ್ತ ಬಿಚ್ಚುತ್ತ, ಮದುವೆಯಾದಂದಿನಿಂದ ತನ್ನ ಯಾವ ಬಟ್ಟೆಗೂ ಒಂದು ಕಿಸೆಯಿಲ್ಲವೆಂಬುದು ಅವಳಿಗೆ ಹೊಳೆಯಿತು. ಹಾಗೆಂದು ದುಃಖವೇನೂ ಆಗಲಿಲ್ಲ. ಹೊಳೆಯಿತು, ಅಷ್ಟೆ.

ತವರು ಕರಜಗಿಯಲ್ಲಿ ತಾಯಿಯೊಡನೆ ಹಳೆ ಬಟ್ಟೆಯ ಕೌದಿ ಹೊಲಿದು ಕಲಿತ ಕೈ ಅವಳದು. ಮೊದಲ ಸಲ ಸೊಂಟಕ್ಕೆ ಕಟ್ಟುವ ಪಟ್ಟಿಗೆ ದೊಡ್ಡ ಎರಡು ಕಿಸೆ ಹಚ್ಚಿದಳು. ಬಗ್ಗಿದರೆ ಒಳಗಿನ ತತ್ತಿಗಳು ಒಂದಕ್ಕೊಂದು ಟಕ್ಕೆಂದವು. ಬಿಚ್ಚಿದಳು. ಮುಂದಿನ ವಾರ ಸಣ್ಣ ಕಿಸೆಗಳನ್ನು ಎರಡು ಸಾಲಾಗಿ ಹಚ್ಚಿದಳು. ಒಂದು ಕಿಸೆಗೆ ಒಂದೇ ತತ್ತಿ. ಒಳಗೆ ಹಳೆಯ ಕೌದಿಯ ತುಂಡಿನ ಮೆತ್ತೆ ಕೊಟ್ಟಳು. ಕಿಸೆಯ ಬಾಯಿಗೆ ದಾರ ಎಳೆದು ನೆರಿಗೆ ಹಿಡಿಸಿದಳು, ಬಗ್ಗಿದರೂ ತತ್ತಿ ಜಾರದ ಹಾಗೆ. ಬೆರಳಿಗೆ ಸೂಜಿ ಚುಚ್ಚಿದಾಗೊಮ್ಮೆ ಬಾಯಲ್ಲಿಟ್ಟುಕೊಂಡು, ತೂಕಡಿಸಿ, ಮತ್ತೆ ಎಚ್ಚೆತ್ತು ಹೊಲಿದಳು.

ಆ ಉಡಿಚೀಲವನ್ನು ಸೊಂಟಕ್ಕೆ ಕಟ್ಟಿಕೊಂಡು ನಿಂತಾಗ ಮೆಹಬೂಬ ನಕ್ಕ. "ಕಂಡಕ್ಟರ್ ಆದಿ ಏನ? ನಂಗೊಂದ ಜೇವರ್ಗಿ ಟಿಕೆಟ್ ಕೊಡು."

"ಚಿಲ್ಲರ ಇಲ್ರಿ, ಇಳೀರಿ ಕೆಳಗ," ಅಂದಳು ತಬಸ್ಸುಮ. ಬಹಳ ದಿನದ ಮೇಲೆ ಇಬ್ಬರೂ ಕೂಡಿ ನಕ್ಕರು.

ಉಡಿಚೀಲ ಚೆನ್ನಾಗಿಯೇ ಕೆಲಸ ಮಾಡಿತು. ಏಣಿಯನ್ನು ಎರಡೂ ಕೈಯಲ್ಲಿ ಹಿಡಿದು ಇಳಿಯುವುದು ಎಷ್ಟು ಸುಖವೆಂದು ಅವಳಿಗೆ ಆಗಲೇ ಗೊತ್ತಾದದ್ದು. ಆದರೆ ಮಂಚದ ಮೇಲಿನ ಪ್ಯಾರಿಬಿಯೂ ಅದನ್ನು ನೋಡುತ್ತಿದ್ದಳು.

"ಕೈ ಖಾಲಿನೇ ಅದಾವಲ್ಲ. ಬರೂ ಮುಂದ ಆಡಿಗಿ ಒಂದ ಹೊರಿ ಕಣಿಕಿ ತಾ."

ತಂದಳು. ಕೆಲವು ದಿನಕ್ಕೆ ಸೌದೆಯೂ ಸೇರಿತು. ಆಮೇಲೆ, ಹೇಗೂ ನಳ ಅದೇ ದಾರಿಯಲ್ಲಿದೆಯೆಂದು, ನೀರಿನ ಕೊಡ. ಬಿಡುವಾದ ಕೈಗಳು ಹೀಗೆ ಮತ್ತೆ ತುಂಬಿದವು. ಮೊದಲಾದರೆ ತತ್ತಿಯ ನೆಪದಲ್ಲಾದರೂ ನಿಧಾನ ನಡೆಯುತ್ತಿದ್ದಳು. ಈಗ ಅದೂ ಹೋಯಿತು.

ಒಂದು ಬೆಳಿಗ್ಗೆ ಕಿಸೆಗಳೆಲ್ಲ ತುಂಬಿದ್ದವು. ತಲೆಯ ಮೇಲೆ ಕಣಿಕೆಯ ಹೊರೆ, ಸೊಂಟದಲ್ಲಿ ಕೊಡ. ಬಾಗಿಲಿಗೆ ಬಂದು ತಬಸ್ಸುಮ ನಿಂತುಬಿಟ್ಟಳು. ಕೊಡ ಇಳಿಸಲು ಬಗ್ಗಿದರೆ ಹೊರೆ ಬೀಳುತ್ತದೆ. ಹೊರೆ ಹಿಡಿಯಲು ಕೈ ಎತ್ತಿದರೆ ಕೊಡ ಜಾರಿ ತತ್ತಿಗೆ ಒತ್ತುತ್ತದೆ. ಮಕ್ಕಳು ಶಾಲೆಗೆ ಹೋಗಿಯಾಗಿತ್ತು. ಅವಳಿಗೆ ಸಿಟ್ಟೂ ಬರಲಿಲ್ಲ.

"ಅಮ್ಮಾ, ಕೊಡಾ ಇಳಸ್ರಿ," ಅಂದಳು.

"ನಂಗ ಏಳಾಕ ಆಗ್ತದೇನ ಬೇ?"

"ನಂಗೂ ಆಗಾಕತ್ತಿಲ್ರಿ."

ದನಿ ದೊಡ್ಡದಾಗಿರಲಿಲ್ಲ. ಪ್ಯಾರಿಬಿ ಸೊಸೆಯ ಮುಖ ನೋಡಿದಳು. ಮಂಚದ ಕಾಲು ಹಿಡಿದು, "ಯಾ ಅಲ್ಲಾ" ಎನ್ನುತ್ತ ಎದ್ದಳು. ಗೋಡೆ ಹಿಡಿದು ಬಂದು, ಕೊಡವನ್ನು ಎರಡೂ ಕೈಯಿಂದ ಎಳೆದುಕೊಂಡಳು. ಅರ್ಧ ನೀರು ಅವಳ ಮೇಲೆಯೇ ಚೆಲ್ಲಿತು. ತಬಸ್ಸುಮ ಹೊರೆ ಒಗೆದು ಹೊಸ್ತಿಲ ಮೇಲೆ ಕುಸಿದು ಕೂತಳು.

ಆಮೇಲೆ ಪ್ಯಾರಿಬಿ ಬಗ್ಗಿ, ಸೊಸೆಯ ಸೊಂಟದ ಕಿಸೆಗಳಿಂದ ಒಂದೊಂದೇ ತತ್ತಿ ತೆಗೆದು ಬುಟ್ಟಿಗಿಟ್ಟಳು. ಒಂದು ಕಿಸೆಯೊಳಗೆ ಬೆರಳು ಹಾಕಿ ಮೆತ್ತೆ ಮುಟ್ಟಿ ನೋಡಿದಳು.

"ಚಂದ ಹೊಲದೀ. ನಂಗ ಕಟ್ಟು ನೋಡೂಣು."

"ನಿಮಗ್ಯಾಕ್ರಿ?"

"ಡ್ರಮ್ಮಿನ ತತ್ತಿ, ಬಣವಿ ತತ್ತಿ ನಾ ತರ್ತೇನಿ. ಕೋಲ ಹಿಡದ ನಡದ್ರ ಇನ್ನೊಂದ ಕೈ ಸಾಕು. ಅಟ್ಟದ್ದ ನನ್ನ ಕೈಲಿ ಆಗಂಗಿಲ್ಲ, ಅದ ನೀ ನೋಡು."

ಕಟ್ಟಿದರೆ ಚೀಲದ ಲಾಡಿ ಅತ್ತೆಯ ಸೊಂಟ ಸುತ್ತಲಿಲ್ಲ. ಇನ್ನೂ ಗೇಣುದ್ದ ಬೇಕಿತ್ತು. ಮತ್ತೊಂದು ಹೊಲಿಗೆ ಎಂದು ತಬಸ್ಸುಮ ನಿಟ್ಟುಸಿರಿಟ್ಟಳು. ಆದರೂ ಆ ಸಂಜೆಯೇ ಉಳಿದ ಪ್ಯಾಂಟಿನ ಬಟ್ಟೆ ಸೀಳಿ ಲಾಡಿ ಉದ್ದ ಮಾಡಿಕೊಟ್ಟಳು.

ಮರುದಿನ ಬೆಳಿಗ್ಗೆ ಪ್ಯಾರಿಬಿ ಕೋಲೂರುತ್ತ ಹಿತ್ತಲಿಗೆ ಹೋದಳು. ಬಹಳ ಹೊತ್ತು ಹಿಡಿಯಿತು. ಬಣವೆಯೊಳಗೆ ಎರಡು ತತ್ತಿ ಬಿಟ್ಟೇ ಬಂದಳು, ಕೋಳಿಗಳನ್ನು ಹೆಸರು ಹಿಡಿದು ಬೈದಳು. ತಬಸ್ಸುಮ ಒಳಗೆ ಚಾಪೆಯ ಮೇಲೆ ಕಣ್ಣು ಬಿಟ್ಟುಕೊಂಡು ಅದನ್ನೆಲ್ಲ ಕೇಳುತ್ತಿದ್ದಳು. ನಿದ್ದೆ ಬರಲಿಲ್ಲ. ಆದರೂ ಏಳದೆ, ಸೊಂಟ ನೆಲಕ್ಕೆ ಚಾಚಿ ಮಲಗಿಯೇ ಇದ್ದಳು.