ಮೂರನೆಯ ಸ್ಥಾನ ಸಾಕಿತ್ತು

ತಿಂಗಳ ಮೊದಲ ಸೋಮವಾರ ನಾನು ಸೈಕಲ್ಲನ್ನು ಸರ್ವೀಸಿಗೆ ಬಿಡುತ್ತೇನೆ. ಈ ಸೋಮವಾರ ಎಂದಿನಂತೆ ಬಿಟ್ಟು ಹೋಗದೆ ಅಲ್ಲೇ ನಿಂತೆ. ಮಳವಳ್ಳಿಯ ಸೈಕಲ್ ಶಾಪಿನವನು ಚಕ್ರದ ಬೇರಿಂಗ್ ಬಿಚ್ಚಿ ಸೀಮೆಎಣ್ಣೆಯ ಬಟ್ಟಲಿಗೆ ಹಾಕಿದ. ಆ ವಾಸನೆ ಮೂಗಿಗೆ ಬಡಿದು ಬಹಳ ವರ್ಷವಾಗಿತ್ತು. ಸ್ಕೇಟಿಂಗ್ ಮೇಷ್ಟ್ರು ಥಟ್ಟನೆ ನೆನಪಾದರು. ಅವರೂ ಪ್ರತಿ ಭಾನುವಾರ ಹೀಗೆಯೇ ಕುಕ್ಕರುಗಾಲಿನಲ್ಲಿ ಕೂತು ಹದಿನಾರು ಚಕ್ರಗಳನ್ನು ಬಿಚ್ಚಿ ತೊಳೆಯುತ್ತಿದ್ದರು. ನೆನಪಿನ ಜೊತೆಗೆ ಸಿಟ್ಟೂ ಬಂತು. ಅವರ ಮೇಲೋ, ನನ್ನ ಮೇಲೋ... ಹದಿನೈದು ವರ್ಷವಾದರೂ ತೀರ್ಮಾನವಾಗಿಲ್ಲ.

ಹಗಲು ಅವರು ಕಚೇರಿಯೊಂದರಲ್ಲಿ ಗುಮಾಸ್ತರು. ಸಂಜೆ ಐದೂವರೆಗೆ ಊರಾಚೆಯ ಅಕ್ಕಿ ಮಿಲ್ಲಿನ ಸಿಮೆಂಟು ಕಣದಲ್ಲಿ ಮೇಷ್ಟ್ರು. ಒಣ ಹಾಕಿದ ಭತ್ತವನ್ನು ರಾಶಿ ಮಾಡಿ, ಎರಡು ಸಲ ಗುಡಿಸಿದ ಮೇಲೆಯೇ ಆಟ. ಚಕ್ರದಡಿ ಒಂದು ಕಾಳು ಸಿಕ್ಕಿದರೂ ಹಲ್ಲು ಮುರಿಯುತ್ತದೆ. ನಾನು ಆಗಷ್ಟೇ ಡ್ರಿಲ್ ಮೇಷ್ಟ್ರ ಕೆಲಸದಿಂದ ನಿವೃತ್ತನಾಗಿದ್ದೆ. ಸೀಟಿ, ಸ್ಟಾಪ್ ವಾಚ್ ಹಿಡಿದು ದಿನವೂ ಅಲ್ಲಿಗೆ ಹೋಗುತ್ತಿದ್ದೆ. ಸಮಯ ನೋಡುವುದು ನನ್ನ ಕೆಲಸ.

ಅವರ ಆಸೆ ಒಂದೇ: ಜೋಡಿ ಸ್ಕೇಟಿಂಗ್. ಟಿವಿಯಲ್ಲಿ ಮಂಜುಗಡ್ಡೆಯ ಮೇಲೆ ಗಂಡು ಹೆಣ್ಣು ಕೈಹಿಡಿದು ಸಂಗೀತಕ್ಕೆ ತಕ್ಕಂತೆ ಜಾರುತ್ತಾರಲ್ಲ, ಅದೇ ಆಟ. ನಮ್ಮಲ್ಲಿ ನಾಲ್ಕು ಚಕ್ರದ ಬೂಟು, ಸಿಮೆಂಟು ನೆಲ. ಸೀಸನ್ನಿನ ಕೊನೆಗೆ ಒಂದು ಫೈನಲ್. ಅದಕ್ಕೆ ನಾಲ್ಕೇ ಜೋಡಿ. ಮೊದಲು ನಡೆಯುವ ಎರಡು ಸ್ಪರ್ಧೆಗಳ ಅಂಕ ಕೂಡಿಸಿ ಆ ನಾಲ್ಕನ್ನು ಆರಿಸುತ್ತಿದ್ದರು. ಆ ವರ್ಷ ಮೊದಲ ಸ್ಪರ್ಧೆಯಲ್ಲಿ ನಮ್ಮ ಜೋಡಿಗೆ ಎರಡನೆಯ ಸ್ಥಾನ ಬಂತು. ಇನ್ನೊಂದರಲ್ಲಿ ಮೂರನೆಯ ಸ್ಥಾನ ಬಂದರೂ ಸಾಕಿತ್ತು. ನಾನೇ ಎಲ್ಲ ಸಾಧ್ಯತೆಗಳನ್ನೂ ಬರೆದು ನೋಡಿದ್ದೆ. ಇಬ್ಬರದೂ ಡಿಗ್ರಿಯ ಕೊನೆಯ ವರ್ಷ. ತಪ್ಪಿದರೆ ಮತ್ತೊಂದು ಸೀಸನ್ ಇರಲಿಲ್ಲ.

ನಮ್ಮ ಕಡೆ ಗಂಡುಮಗ ಹೆಣ್ಣುಮಗಳ ಕೈಹಿಡಿದು ಜನರ ಮುಂದೆ ಆಡುವುದೆಂದರೆ ಸುಮ್ಮನೆಯೇ? ಅದಕ್ಕೇ ಮೇಷ್ಟ್ರು ಅಣ್ಣ ತಂಗಿ ವರಸೆಯವರನ್ನೇ ಹುಡುಕಿ ಜೋಡಿ ಕಟ್ಟುತ್ತಿದ್ದರು. ಹುಡುಗ ಮಳವಳ್ಳಿಯವನು, ಹುಡುಗಿ ಕಿರುಗಾವಲಿನವಳು. ಇಬ್ಬರ ತಾಯಂದಿರ ತವರೂ ಬಸರಾಳು; ಒಂದೇ ಊರಿನವರೆಂದು ಅಕ್ಕ ತಂಗಿ ಎನ್ನುತ್ತಿದ್ದರು. ಹಾಗಾಗಿ ಮಕ್ಕಳು ಅಣ್ಣ ತಂಗಿ. ಕಣದ ಹತ್ತಿರ ಯಾರಾದರೂ ಸುಳಿದರೆ ಸಾಕು, ಮೇಷ್ಟ್ರು ಗಟ್ಟಿಯಾಗಿ ಕೂಗುತ್ತಿದ್ದರು: "ಲೇ, ನಿನ್ ತಂಗಿ ಕೈ ಬಿಗಿಯಾಗಿ ಇಡ್ಕಳ್ಲಾ!" ಅದೇನು ಅಷ್ಟು ಅರಚುತ್ತಾರೆ ಎಂದು ನನಗೆ ಕಿರಿಕಿರಿಯಾಗುತ್ತಿತ್ತು.

ಎರಡನೆಯ ಸ್ಪರ್ಧೆಗೆ ಒಂಬತ್ತು ದಿನವಿದ್ದಾಗ ಕಿರುಗಾವಲಿನಲ್ಲಿ ಒಂದು ಬೀಗರ ಊಟ. ಎರಡೂ ಮನೆಯವರು ಬಂದಿದ್ದರು. ಪಂಕ್ತಿಯಲ್ಲಿ ನನ್ನ ಪಕ್ಕ ಹುಡುಗಿಯ ತಂದೆ. ಮುದ್ದೆ ಮುರಿಯುತ್ತಾ ಹಳೆಯ ಮಾತು ಬಂತು. ತಮ್ಮ ತಾತ ಬಸರಾಳಿನಿಂದ ಮನೆ ಅಳಿಯನಾಗಿ ಬಂದವರೆಂದು ಹೇಳಿ, ಅಲ್ಲಿನ ಯಾವ ಮನೆಯೆಂದೂ ಹೇಳಿದರು; ಹುಡುಗನ ತಾಯಿಯ ತವರೂ ಅದೇ ಮನೆಯೆಂದು ನನಗೆ ಗೊತ್ತಿತ್ತು. ನನಗೆ ಲೆಕ್ಕ ತಪ್ಪಿದ್ದು ಕಂಡರೆ ತಡೆಯುವುದಿಲ್ಲ.

"ಹಂಗಾದ್ರೆ ಆ ಹುಡುಗನ ತಾಯಿ ನಿಮ್ಮ ತಾತನ ಅಣ್ಣನ ಮಗನ ಮಗಳು. ನಿಮಗೆ ತಂಗಿ ಆಗ್ಬೇಕು. ಮಕ್ಕಳು ಅಣ್ಣ ತಂಗಿ ಅಲ್ಲ ಬಿಡಿ. ನಿಮ್ಮ ಮಗಳು ಆ ಹುಡುಗನಿಗೆ ಸೋದರಮಾವನ ಮಗಳು."

ಎದುರು ಪಂಕ್ತಿಯಲ್ಲಿದ್ದ ಹುಡುಗನ ಅಜ್ಜಿಗೆ ಇಷ್ಟು ಸಾಕಾಯಿತು. "ಅಯ್ಯೋ ಸಿವ್ನೇ, ಅಂಗಾರೆ ನಮ್ಮನೆಗ್ ಬರೋ ಎಣ್ಣು ಕಣಮ್ಮ ಇದು! ಲೇ ಮೊಗ, ಸುಮ್ಕೆ ಯಾಕ್ಲಾ ಕುಣುಸ್ತೀಯೆ, ತಾಳಿ ಕಟ್ಟಿ ಕುಣುಸು!"

ಎರಡೂ ಪಂಕ್ತಿ ನಕ್ಕವು. ನೀರು ಬಡಿಸುತ್ತಿದ್ದ ಹುಡುಗಿ ಚೊಂಬನ್ನು ಅಲ್ಲೇ ಇಟ್ಟು ಒಳಗೆ ಹೋದಳು. ಅವಳ ತಂದೆ ನಗಲಿಲ್ಲ.

ಮೂರನೆಯ ದಿನ ಅವರು ಕಣಕ್ಕೆ ಬಂದರು. "ನೋಡಿ ಸಾ, ಅಣ್ಣ ತಂಗಿ ಅಂತ ಬುಟ್ಟಿದ್ದೆ. ಈಗ ಊರೇ ಆಡ್ಕತಾದೆ. ನಾಳೆ ಗಂಡಿನ್ ಕಡೆಯೋರು ಏನಂದಾರು?" ಮೇಷ್ಟ್ರು ಮೂರು ಸಲ ಕಿರುಗಾವಲಿನ ಬಸ್ಸು ಹತ್ತಿದರು. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು: ಕೈ ಹಿಡಿಯಬಹುದು, ಸೊಂಟ ಹಿಡಿದು ಎತ್ತುವಂತಿಲ್ಲ. ಅಂಕಗಳೆಲ್ಲ ಇದ್ದದ್ದೇ ಆ ಎತ್ತುವುದರಲ್ಲಿ.

ಅವತ್ತು ಸಂಜೆ ಹುಡುಗಿ ಬೂಟಿನ ದಾರ ಕಟ್ಟುತ್ತಾ, ತಲೆ ಎತ್ತದೆ ಕೇಳಿದಳು: "ನಿಮ್ಮನ್ ಯಾರ್ ಕೇಳಿದ್ರು ಸಾ?"

"ತಪ್ಪಿತ್ತಮ್ಮ, ಸರಿ ಮಾಡಿದೆ."

"ಆ ತಪ್ಪಿಂದ ನಿಮಗೇನು ತೊಂದ್ರೆ ಆಗಿತ್ತು? ಮೂರು ವರ್ಸ ಬಿದ್ದು ಬಿದ್ದು ಕಲ್ತಿದ್ದೀನಿ ಆ ಎತ್ತೋದನ್ನ."

ಸೀಟಿ ಊದಿದೆ.

ಬೆಂಗಳೂರಿನ ಸ್ಪರ್ಧೆಯಲ್ಲಿ ಅವರು ಒಂದು ತಪ್ಪೂ ಇಲ್ಲದೆ ಆಡಿದರು. ಸಂಗೀತದಲ್ಲಿ ಎತ್ತಬೇಕಾದ ಜಾಗ ಬಂದಾಗ ಕೈಕೈ ಹಿಡಿದು ಸುಮ್ಮನೆ ಒಂದು ಸುತ್ತು ಹೊಡೆದರು. ಹುಡುಗನ ಬಲಗೈ ಅಭ್ಯಾಸಬಲದಿಂದ ಅವಳ ಸೊಂಟದವರೆಗೆ ಹೋಗಿ, ಹಿಂದಕ್ಕೆ ಬಂತು. ಮೇಷ್ಟ್ರು ಮುಖ ತಿರುಗಿಸಿಕೊಂಡರು. ಐದನೆಯ ಸ್ಥಾನ. ಎರಡೂ ಸ್ಪರ್ಧೆ ಕೂಡಿಸಿದರೂ ಐದನೆಯದೇ. ಫೈನಲ್ಲಿಗೆ ನಾಲ್ಕು ಜೋಡಿ...

ವಾಪಸು ಬರುವಾಗ ನಿಡಘಟ್ಟದ ಹತ್ತಿರ ಟೀಗೆ ಇಳಿದೆವು. ಮಕ್ಕಳಿಬ್ಬರೂ ಬಸ್ಸಿನಲ್ಲೇ ಬೇರೆ ಬೇರೆ ಸೀಟಿನಲ್ಲಿ ಕೂತಿದ್ದರು. ಮೇಷ್ಟ್ರು ಲೋಟ ಹಿಡಿದು ರಸ್ತೆ ನೋಡುತ್ತಾ ಹೇಳಿದರು: "ನಂಗೂ ಗೊತ್ತಿತ್ತು ಸಾ."

"ಏನು?"

"ಆ ಮನೆ ಅಳಿಯನ್ ಇಸ್ಯ. ಮೊದಲ್ನೇ ವರ್ಸದಿಂದ್ಲೂ ಗೊತ್ತಿತ್ತು. ಫೈನಲ್ ಒಂದು ಮುಗೀಲಿ ಅಂತ ಬಾಯಿ ಮುಚ್ಕಂಡಿದ್ದೆ."

ನನಗೆ ಮೈಯೆಲ್ಲ ಉರಿಯಿತು. "ನಂಗೊಂದು ಮಾತು ಹೇಳೋದಲ್ವೇನ್ರೀ?"

"ಏಳಿದ್ರೆ ಸುಮ್ಕಿರ್ತಿದ್ರಾ ನೀವು?"

ಇರುತ್ತಿದ್ದೆ ಎನ್ನಬೇಕಿತ್ತು. ಬಸ್ಸಿನವನು ಹಾರನ್ ಹೊಡೆದ, ಹತ್ತಿದೆವು.

ಆಮೇಲೆ ಅವರು ಜೋಡಿ ಕಟ್ಟಲಿಲ್ಲ. ಚಿಕ್ಕ ಮಕ್ಕಳಿಗೆ ನೇರ ಓಟ ಹೇಳಿಕೊಟ್ಟರು. ಅದಕ್ಕೆ ವರಸೆ ಬೇಕಿಲ್ಲವಲ್ಲ. ಹುಡುಗಿಗೆ ಆ ಬೇಸಿಗೆಯಲ್ಲೇ ಮದುವೆಯಾಯಿತು, ಬೇರೆ ಕಡೆ. ಮೇಷ್ಟ್ರು ತೀರಿಕೊಂಡು ಮೂರು ವರ್ಷ. ಕ್ಷಮಿಸಿ ಎನ್ನಲು ನನಗೆ ಹನ್ನೆರಡು ವರ್ಷ ಸಮಯವಿತ್ತು. ದಿನಚರಿಯಲ್ಲಿ ಹಲ್ಲುಜ್ಜುವುದಕ್ಕೂ ಹೊತ್ತು ಗೊತ್ತು ಮಾಡಿಕೊಂಡವನು ನಾನು. ಅದಕ್ಕೆ ಮಾತ್ರ ಮಾಡಿಕೊಳ್ಳಲಿಲ್ಲ.

ಹೋದ ತಿಂಗಳು ಮಂಡ್ಯದ ಒಂದು ಛತ್ರದಲ್ಲಿ ಊಟಕ್ಕೆ ಕೂತಿದ್ದೆ. ಪಕ್ಕದವರು ಒಬ್ಬ ಹುಡುಗ ಹುಡುಗಿಯನ್ನು ತೋರಿಸಿ, "ನಿಮಗೆಲ್ಲ ಗೊತ್ತಲ್ಲ ಸಾ, ಅವ್ರಿಬ್ರೂ ಏನಾಗ್ಬೇಕು?" ಎಂದು ಕೇಳಿದರು.

ಗೊತ್ತಿಲ್ಲ ಎಂದೆ. ಗೊತ್ತಿತ್ತು. ಮೇಷ್ಟ್ರಿದ್ದಿದ್ದರೆ ನಂಬುತ್ತಿರಲಿಲ್ಲ.