ಹಲ್ಲಿನ ಡಾಕ್ಟರ ಸಂಗೀತ, ಅಕ್ಕನ ಕೈ

ನಮ್ಮ ಹಲ್ಲಿನ ಡಾಕ್ಟರ ಬಳಿ ಹತ್ತೊಂಬತ್ತು ವರ್ಷದಿಂದ ಸಹಾಯಕಿಯಾಗಿರುವ ಹೆಂಗಸನ್ನು ಎಲ್ಲರೂ ಅಕ್ಕ ಎನ್ನುತ್ತಾರೆ. ಆಕೆಗಿಂತ ಇಪ್ಪತ್ತೆರಡು ವರ್ಷ ದೊಡ್ಡವಳಾದ ನಾನೂ ಹಾಗೆಯೇ ಕರೆಯುತ್ತೇನೆ. ಬಾಯಿ ತೆರೆದುಕೊಂಡು ಮಲಗಿರುವವರು ವಯಸ್ಸಿನ ಹಿರಿತನ ತೋರಿಸುವುದು ಕಷ್ಟ.

ಅಕ್ಕನಿಗೆ ಐವತ್ತೆರಡರ ಪ್ರಾಯ, ಗಿಡ್ಡ ಆಳು, ಅಗಲವಾದ ಅಂಗೈ. ಔಷಧದಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಡಾಕ್ಟರಿಗೆ ಬೇಕಾದದ್ದೆಲ್ಲ ಆಕೆಗೆ ಗೊತ್ತು, ಅವರ ಕನ್ನಡಕ ಅವರ ಹಣೆಯ ಮೇಲೆಯೇ ಇದೆ ಎಂಬುದೂ ಸೇರಿ. ಆದರೆ ಆಕೆಯ ಹೆಮ್ಮೆಯೆಲ್ಲ ಒಂದೇ ಕೆಲಸದಲ್ಲಿತ್ತು: ಹಲ್ಲಿನ ಅಚ್ಚು ತೆಗೆಯುವುದು. ರಬ್ಬರ್ ಬಟ್ಟಲಿನಲ್ಲಿ ಗುಲಾಬಿ ಬಣ್ಣದ ಪುಡಿಗೆ ನೀರು ಹಾಕಿ ಮುಕ್ಕಾಲು ನಿಮಿಷ ಕಲಸಬೇಕು. ಅದನ್ನು ಟ್ರೇಯಲ್ಲಿ ತುಂಬಿ ರೋಗಿಯ ಬಾಯಲ್ಲಿ ಒತ್ತಿ ಹಿಡಿಯಬೇಕು. ಸರಿಯಾದ ಗಳಿಗೆಗೆ ಒಂದೇ ಎಳೆತಕ್ಕೆ ಹೊರಗೆ ತೆಗೆಯಬೇಕು. ಬೇಗ ತೆಗೆದರೆ ಅಚ್ಚು ಹರಿಯುತ್ತದೆ, ತಡವಾದರೆ ಹಲ್ಲಿಗೆ ಕಚ್ಚಿಕೊಳ್ಳುತ್ತದೆ, ರೋಗಿಗೆ ಓಕರಿಕೆ ಬರುತ್ತದೆ. ಅಕ್ಕನ ಅಚ್ಚು ಕೆಡುವುದಿಲ್ಲ ಎಂಬುದು ಎಷ್ಟು ಪ್ರಸಿದ್ಧವಾಗಿತ್ತೆಂದರೆ, ಬೇರೆ ಇಬ್ಬರು ಡಾಕ್ಟರು ತಮ್ಮ ಕೈಲಾಗದ ಬಾಯಿಗಳನ್ನು ಇಲ್ಲಿಗೆ ಕಳಿಸುತ್ತಿದ್ದರು.

ಡಾಕ್ಟರು ಒಳ್ಳೆಯವರು. ಅವರಿಗಿರುವ ದೋಷ ಒಂದೇ: ತಾವು ಈಚೆಗೆ ಕೇಳಿದ ಸಂಗೀತವನ್ನು ಇನ್ನೊಬ್ಬರಿಗೆ ಕೇಳಿಸದೆ ಇರಲಾರರು. ಮದುವೆಯಾದ ಎರಡನೇ ವರ್ಷವೇ ಹೆಂಡತಿ ಮನೆಯಲ್ಲಿ ಇದಕ್ಕೆ ಪೂರ್ಣವಿರಾಮ ಹಾಕಿದರು. ಸ್ನೇಹಿತರು ದೂರದಿಂದ ಕಂಡರೆ ರಸ್ತೆ ದಾಟುತ್ತಾರೆ. ಉಳಿದವರು ರೋಗಿಗಳು. ಅವರು ಎದ್ದು ಹೋಗುವಂತಿಲ್ಲ.

"ಈಚೆಗೆ ಏನು ಕೇಳ್ತಿದೀರಿ ಮೇಡಂ?" ಎಂದು ಅವರು ನನ್ನನ್ನು ವಿಚಾರಿಸುವುದು ಎರಡು ಬೆರಳು, ಒಂದು ಕನ್ನಡಿ, ಒಂದು ನೀರೆಳೆಯುವ ನಳಿಗೆ ನನ್ನ ಬಾಯೊಳಗಿರುವಾಗ.

"ಆ" ಎನ್ನುತ್ತೇನೆ.

"ಹೌದಾ? ನಾನೂ ಹೋದ ವರ್ಷ ಅದನ್ನೇ ಕೇಳ್ತಿದ್ದೆ."

ಒಂದನ್ನು ಹಿಡಿದರೆ ಬೆಳಗಿನಿಂದ ಸಂಜೆಯವರೆಗೆ ಅದನ್ನೇ ತಿರುಗಿ ತಿರುಗಿ ಹಾಕುವುದು ಅವರ ಪದ್ಧತಿ. ಮೊದಲು ಒಂದು ಕೊಳಲು, ಆಮೇಲೆ ಒಂದು ಡೋಲು, ಕೊನೆಗೆ ಏಳು ವರ್ಷ ಒಂದೇ ಒಂದು ಪಿಟೀಲಿನ ತುಣುಕು. ಅದು ನಾಲ್ಕು ನಿಮಿಷದ್ದು. ಏಳು ವರ್ಷದಲ್ಲಿ ಅದೆಷ್ಟು ಸಲ ಬಂದಿರಬಹುದೆಂದು ಯಾರಾದರೂ ಗುಣಿಸಿ ನೋಡಲಿ, ನನಗೆ ಧೈರ್ಯವಿಲ್ಲ.

ಅಕ್ಕನಿಗೆ ಸಂಗೀತವೆಂದರೆ ತಲೆನೋವು. ಅದನ್ನು ಆಕೆ ಮುಚ್ಚಿಟ್ಟವಳಲ್ಲ. ಒಮ್ಮೆ ಡಾಕ್ಟರು ಪಿಟೀಲಿನ ಒಂದು ತಿರುವನ್ನು ವಿವರಿಸಿ, ಆಕೆ ಬೇಸಿನ್ ತಿಕ್ಕುತ್ತಲೇ ಇದ್ದುದನ್ನು ಕಂಡು ನಿಟ್ಟುಸಿರುಬಿಟ್ಟರು.

"ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು."

"ಕೋಣ ಇರೋದಕ್ಕೇ ಗಾಡಿ ಮುಂದಕ್ಕೆ ಹೋಗ್ತಿದೆ ಸಾರ್. ಕಿನ್ನರಿ ಕಟ್ಟಿದ್ರೆ ಹೋಗ್ತಿತ್ತಾ?"

ಹೀಗೆ ಸುಖವಾಗಿಯೇ ಇದ್ದರು. ಕೆಲವು ತಿಂಗಳ ಹಿಂದೆ ಡಾಕ್ಟರ ಅಳಿಯ ಒಂದು ಪುಟ್ಟ ಸ್ಪೀಕರ್ ತಂದುಕೊಟ್ಟ, ಜೊತೆಗೆ ಹೊಸ ಬಗೆಯ ಸಂಗೀತವನ್ನೂ ಹಚ್ಚಿಕೊಟ್ಟ. ಅದರಲ್ಲಿ ತಾಳವಿಲ್ಲ, ಹಾಡಿಲ್ಲ. ಒಂದು ಸ್ವರ ಹುಟ್ಟುತ್ತದೆ, ನಿಧಾನವಾಗಿ ಬೆಳೆಯುತ್ತದೆ, ಸಂಸಾರ ಮಾಡುತ್ತದೆ, ಮುದಿಯಾಗುತ್ತದೆ, ಪ್ರಾಣ ಬಿಡಲು ಮಾತ್ರ ಒಪ್ಪುವುದಿಲ್ಲ. "ಇದರಲ್ಲಿ ಕಾಲವೇ ಇಲ್ಲ ನೋಡಿ ಮೇಡಂ" ಎಂದು ಡಾಕ್ಟರು ನನಗೆ ಮೆಚ್ಚುಗೆಯಿಂದ ಹೇಳಿದರು. ಅದು ನಿಜವೆಂದು ಆ ತಿಂಗಳೇ ತಿಳಿಯಿತು.

ಮೊದಲು ಬ್ಯಾಂಕಿನ ಮ್ಯಾನೇಜರರ ಅಚ್ಚು ಹರಿದು ಬಂತು. ನಂತರ ನಿವೃತ್ತ ನ್ಯಾಯಾಧೀಶರ ಬಾಯಲ್ಲಿ ಟ್ರೇ ಸಿಕ್ಕಿಹಾಕಿಕೊಂಡು, ಡಾಕ್ಟರು ಕುರ್ಚಿಗೆ ಕಾಲು ಕೊಟ್ಟು ಎಳೆಯಬೇಕಾಯಿತು. ಮತ್ತೊಬ್ಬರ ಅಚ್ಚಿನಲ್ಲಿ ಇಲ್ಲದ ಹಲ್ಲೊಂದು ಮೂಡಿತ್ತು. ಅಕ್ಕ ಪುಡಿಯನ್ನು ದೂರಿದಳು, ಆಮೇಲೆ ನೀರನ್ನು. ಹೊಸ ಡಬ್ಬಿ ಬಂತು, ನೀರೂ ಬದಲಾಯಿತು. ಅಚ್ಚು ಮಾತ್ರ ಕೆಡುತ್ತಲೇ ಇತ್ತು.

"ವಯಸ್ಸಾಯ್ತು ಅಕ್ಕ" ಎಂದರು ಡಾಕ್ಟರು. ಮೆತ್ತಗೆ ಹೇಳಿದ್ದರಿಂದ ಇನ್ನೂ ಕೆಟ್ಟದಾಗಿ ಕೇಳಿಸಿತು. "ಕೈ ಮೊದಲಿನ ಹಾಗಿಲ್ಲ. ಬುಧವಾರದಿಂದ ಹೊಸಬರೊಬ್ಬರು ಬರ್ತಾರೆ. ನೀವು ಹೊರಗಡೆ ಟೇಬಲ್‌ನಲ್ಲಿ ಕೂತ್ಕೊಂಡು ಟೋಕನ್ ಕೊಡಿ. ಆರಾಮಾಗಿರುತ್ತೆ."

ವಿಚಿತ್ರವೆಂದರೆ, ಕೈ ಹೋಯಿತೆಂದು ಅಕ್ಕನೂ ನಂಬಿದ್ದಳು. ಒಳಗಿನ ಕೋಣೆಯಲ್ಲಿ ತನ್ನನ್ನು ಬಿಟ್ಟರೆ ಇನ್ನಾರೂ ಇಲ್ಲ ಎಂಬಂತೆ ಇದ್ದವಳು, ಇನ್ನು ಮೇಲೆ ಹೊರಗೆ ಕೂತು ಪ್ಲಾಸ್ಟಿಕ್ ಬಿಲ್ಲೆ ಹಂಚಬೇಕಾಗಿತ್ತು.

ಮುಂದಿನದನ್ನು ಆಕೆಯೇ ನನಗೆ ಆಮೇಲೆ ಹೇಳಿದಳು. ಭಾನುವಾರ ಮಧ್ಯಾಹ್ನ ಬಟ್ಟಲು, ಟ್ರೇ, ಅರ್ಧ ಡಬ್ಬಿ ಪುಡಿ ಮನೆಗೆ ತಂದಿದ್ದಳು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಊಟ ಮುಗಿಸಿ ಮಲಗುವವನಿದ್ದ.

"ಇಲ್ಲಿ ಕೂತ್ಕೊಂಡು ಬಾಯಿ ತೆಗೀರಿ."

"ಯಾಕೆ, ಏನು ಮಾಡಿದೆ ನಾನು?"

"ಏನೂ ಮಾಡಿಲ್ಲ. ತೆಗೀರಿ."

ಮೂರು ಸಲ ಅಚ್ಚು ತೆಗೆದಳು. ಕೆಟ್ಟ ಹಲ್ಲುಗಳ ಮೂರು ಅಂದವಾದ ಅಚ್ಚುಗಳು ಊಟದ ಮೇಜಿನ ಮೇಲೆ ಸಾಲಾಗಿ ಕೂತವು. ಗಂಡ ಬಾಯಿ ತೊಳೆದು ಬಂದು ನೋಡಿದ.

"ಸರಿಯಾಗೇ ಇದೆಯಲ್ಲೇ. ನಿನ್ನ ಕೈಗೆ ಏನಾಗಿದೆ? ಇನ್ನೊಂದು ಸಲ ಮಾಡೋದಾದ್ರೆ ಹಾಡು ಬದಲಾಯಿಸು, ಅಷ್ಟೆ. ಮೂರು ಸಲಾನೂ ಅದೇ."

"ಯಾವ ಹಾಡು?"

"ಮೂಗಲ್ಲಿ ಗುಂಯ್‌ಗುಟ್ಟುತ್ತಿದ್ದೆಯಲ್ಲ, ಅದು."

"ನಾನು ಹಾಡಿಲ್ಲ."

"ನೋಡು, ಟ್ರೇ ಇದ್ದಿದ್ದು ನನ್ನ ಬಾಯಲ್ಲಿ. ಕಿವಿಯಲ್ಲಲ್ಲ."

ಅಕ್ಕ ಟೀವಿಯಲ್ಲಿ ವಾರ್ತೆ ಜೋರಾಗಿ ಹಾಕಿ, ತುಟಿ ಬಿಗಿದು ನಾಲ್ಕನೆಯ ಸಲ ಕಲಸಿದಳು. ಅಚ್ಚು ಹರಿದು ಬಂತು. ಟೀವಿ ಆರಿಸಿ ಐದನೆಯ ಸಲ ಕಲಸಿ, ಈ ಸಲ ತನ್ನ ಮೂಗಿನ ಮೇಲೆ ಗಮನವಿಟ್ಟಳು. ಬರುತ್ತಿದ್ದುದು ಡಾಕ್ಟರ ಪಿಟೀಲು, ಮೊದಲಿನಿಂದ ಕೊನೆಯವರೆಗೆ, ಒಂದು ಸ್ವರ ಬಿಡದೆ. ಅಚ್ಚು ಕನ್ನಡಿಯಂತೆ ಬಂತು. ಕೈ ಹೋಗಿಲ್ಲವೆಂಬ ಸಮಾಧಾನಕ್ಕಿಂತ, ತನಗೆ ಇದು ಬಾಯಿಪಾಠ ಬರುತ್ತದಲ್ಲ ಎಂಬ ನಾಚಿಕೆಯೇ ಆಕೆಗೆ ಹೆಚ್ಚಾಯಿತಂತೆ. ಗಂಡ ಆರನೆಯದಕ್ಕೆ ಕರೆಯುವ ಮೊದಲೇ ಡಿಪೋದಲ್ಲಿ ಕೆಲಸವಿದೆಯೆಂದು ಹೊರಟುಹೋದ, ಅದೂ ಭಾನುವಾರ.

ಸೋಮವಾರ ನನ್ನ ಸರದಿ. ಕೆಳಗಿನ ಸಾಲಿನಲ್ಲಿ ನನಗೆ ಆರು ಹಲ್ಲು ಉಳಿದಿವೆ. ಮಿಕ್ಕ ಜಾಗಕ್ಕೆ ಸೆಟ್ಟು ಮಾಡಿಸಬೇಕಿತ್ತು. ಸ್ಪೀಕರ್‌ನಲ್ಲಿ ಮುದಿ ಸ್ವರ ಎಂದಿನಂತೆ ಪ್ರಾಣ ಬಿಡದೆ ಎಳೆಯುತ್ತಿತ್ತು. ಅಕ್ಕ ಬಟ್ಟಲು ಹಿಡಿದು ಬಂದು ನಿಂತಳು.

"ಸಾರ್, ಅದನ್ನ ನಿಲ್ಲಿಸಿ ಹಳೇ ಪಿಟೀಲು ಹಾಕಿ."

ಡಾಕ್ಟರು ಹಣೆಯ ಮೇಲಿನ ಕನ್ನಡಕವನ್ನು ಕಣ್ಣಿಗೆ ಇಳಿಸಿ ಆಕೆಯನ್ನು ನೋಡಿದರು. "ಪಿಟೀಲು ಬೇಕಾ ನಿಮಗೆ? ನನಗೆ ಗೊತ್ತಿತ್ತು ಅಕ್ಕ. ಎಷ್ಟು ವರ್ಷ ಆದ್ರೂ ಪರವಾಗಿಲ್ಲ, ಒಳ್ಳೇ ಸಂಗೀತ ಒಂದಲ್ಲ ಒಂದು ದಿನ ಒಳಗೆ ಇಳಿದೇ ಇಳಿಯುತ್ತೆ."

"ಹಾಕಿ ಸಾರ್. ಮೇಡಂಗೆ ಕತ್ತು ನೋಯುತ್ತೆ."

ಪಿಟೀಲು ಶುರುವಾಯಿತು. ಅಕ್ಕ ಪುಡಿಗೆ ನೀರು ಸುರಿದಳು. ಒಂಟಿ ಪಿಟೀಲಿಗೆ ಎರಡನೆಯದು ಜೊತೆಗೂಡುವ ಹೊತ್ತಿಗೆ ಕಲಸಿ ಮುಗಿದಿತ್ತು, ಟ್ರೇ ನನ್ನ ಬಾಯಲ್ಲಿತ್ತು.

"ಈಗ ಹೇಳಿ" ಎಂದರು ಡಾಕ್ಟರು, ತವರಿಗೆ ಬಂದ ಮಗಳನ್ನು ಮಾತಾಡಿಸುವ ದನಿಯಲ್ಲಿ. "ಕೇಳ್ತಾ ಇದ್ರೆ ಏನನ್ನಿಸುತ್ತೆ?"

"ಮೂರು ನಿಮಿಷ ಅನ್ನಿಸುತ್ತೆ ಸಾರ್."

"ಅಂದ್ರೆ?"

"ಎರಡನೇ ಪಿಟೀಲು ಬರೋವರೆಗೆ ಕಲಸೋದು. ಮೇಲಿಂದ ಇಳಿದು ಬರುತ್ತಲ್ಲ ಆ ಓಟ, ಅದು ಮೂರನೇ ಸಲ ಬಂದಾಗ ತೆಗೆಯೋದು. ನಿಮ್ಮ ಹೊಸದರಲ್ಲಿ ನಿಮಿಷಾನೇ ಇಲ್ಲ. ನನ್ನ ಕೈ ಸರಿಯಾಗಿದೆ ಸಾರ್. ಬುಧವಾರ ಯಾರೂ ಬರೋದು ಬೇಡ."

ಡಾಕ್ಟರ ಮುಖದ ಮೇಲಿನ ಬೆಳಕು ಹೋಯಿತು. "ಇಷ್ಟು ವರ್ಷ ಅದನ್ನ ಗಡಿಯಾರ ಮಾಡ್ಕೊಂಡಿದ್ರಾ?"

"ನನಗೂ ನಿನ್ನೆ ಗೊತ್ತಾಯ್ತು. ಅದಕ್ಕೆ ಮುಂಚೆ ಕೊಳಲು, ಡೋಲು. ಕೊಳಲು ಬಿಟ್ಟು ಡೋಲು ಹಿಡಿದಾಗಲೂ ಎರಡು ತಿಂಗಳು ಅಚ್ಚು ಕೆಟ್ಟಿತ್ತು, ನೆನಪಿದೆಯಾ? ಆಗ ಪುಡಿ ಕಂಪನಿಯವರನ್ನ ಬೈದ್ವಿ. ಪಾಪ."

"ಗೋಡೆಗೆ ಒಂದು ಗಡಿಯಾರ ಹಾಕಿಸ್ತೀನಿ."

"ನನ್ನ ಕಣ್ಣು ಬಾಯೊಳಗಿರುತ್ತೆ ಸಾರ್, ಗೋಡೆ ಮೇಲಲ್ಲ."

"ಮೊಬೈಲಲ್ಲಿ ಅಲಾರಂ?"

"ಹೋದ ತಿಂಗಳು ಯಾರದೋ ಮೊಬೈಲ್ ಬಡ್ಕೊಂಡಾಗ ಬ್ಯಾಂಕಿನವರು ಬೆಚ್ಚಿ ನನ್ನ ಬೆರಳು ಕಚ್ಚಿದ್ರು."

ಈ ವಾದವೆಲ್ಲ ನಡೆದದ್ದು ನನ್ನ ಮುಖದ ಮೇಲೆ. ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ. ಕೇಳಿದ್ದರೂ "ಆ" ಎನ್ನುವುದಷ್ಟೇ ಸಾಧ್ಯವಿತ್ತು.

"ಆದ್ರೆ ಒಂದು ಸಾರ್" ಎಂದಳು ಅಕ್ಕ. "ಆ ಓಟ ಎರಡನೇ ಸಲ ಬರೋವಾಗ ಪಿಟೀಲಿನವರು ಅವಸರ ಮಾಡ್ತಾರೆ. ಬೇಸಿಗೆಯಲ್ಲಿ ಅಡ್ಡಿಯಿಲ್ಲ. ಚಳಿಗಾಲದಲ್ಲಿ ಪುಡಿ ನಿಧಾನ, ಅದಕ್ಕೆ ನಾನು ನೀರು ಸ್ವಲ್ಪ ಬೆಚ್ಚಗೆ—" ಎನ್ನುತ್ತಲೇ ಮಾತಿನ ನಡುವೆ ಟ್ರೇಯನ್ನು ಒಂದೇ ಎಳೆತಕ್ಕೆ ತೆಗೆದು, "—ಮಾಡ್ಕೋತೀನಿ" ಎಂದು ಮುಗಿಸಿದಳು.

ಡಾಕ್ಟರು ಅಚ್ಚನ್ನು ದೀಪದ ಕೆಳಗೆ ಹಿಡಿದರು. ನನ್ನ ಆರು ಹಲ್ಲು, ಅವುಗಳ ಸವೆತ, ವಸಡಿನ ಒಂದೊಂದು ಮಡಿಕೆ ಎಲ್ಲ ಇತ್ತು. ಅವರು ಪಿಟೀಲನ್ನು ಮೊದಲಿನಿಂದ ಹಾಕಿ, ಕಣ್ಣು ಮುಚ್ಚಿ ಕೇಳಿದರು. ಮತ್ತೊಮ್ಮೆ ಹಾಕಿದರು. ಹೊರಗಿನ ಬೆಂಚಿನಲ್ಲಿ ನಾಲ್ಕನೇ ಟೋಕನ್ನಿನವರು ನರಳುತ್ತಿದ್ದರು.

"ಹೌದು, ಅವಸರ ಮಾಡ್ತಾರೆ" ಎಂದರು ಕೊನೆಗೆ. "ಏಳು ವರ್ಷ ಕೇಳಿದೀನಿ. ನನಗೆ ಗೊತ್ತಾಗಲಿಲ್ಲ."

"ನೀವು ಕೇಳ್ತಿದ್ರಿ ಸಾರ್. ನಾನು ಕಾಯ್ತಿದ್ದೆ."

ಬುಧವಾರ ಬಂದ ಹೊಸಬಳು ಟೋಕನ್ ಟೇಬಲ್ಲಿಗೆ ಹೋದಳು, ಅಕ್ಕ ಒಳಗೇ ಉಳಿದಳು. ಇಷ್ಟಾದ ಮೇಲೂ ಡಾಕ್ಟರ ಚಪಲ ಬಿಟ್ಟಿಲ್ಲ. ಆದರೆ ಈಚೆಗೆ ತಾವು ಕೇಳಿದ್ದನ್ನು ಈಗ ಅವರು ರೋಗಿಗಳಿಗಿಂತ ಮೊದಲು ಅಕ್ಕನಿಗೆ ಕೇಳಿಸಬೇಕು. ಕಾಲವಿಲ್ಲದ ಆ ಸಂಗೀತಕ್ಕೆ ಆಕೆ ಚುಚ್ಚುಮದ್ದಿನ ನಂತರದ ಹೊತ್ತನ್ನು ಕೊಟ್ಟಿದ್ದಾಳೆ. ದವಡೆ ಜೋಮು ಹಿಡಿಯುವವರೆಗೆ ಹೇಗೂ ಯಾರಿಗೂ ಅವಸರವಿಲ್ಲ, ಜೋಮು ಹಿಡಿದ ಮೇಲೆ ತಕರಾರಿಲ್ಲ.

ಮೊನ್ನೆ ಸೆಟ್ಟು ಕೂಡಿಸಿಕೊಳ್ಳಲು ಹೋದಾಗ ಡಾಕ್ಟರು ಯಾವುದೋ ಹೊಸ ಗಿಟಾರ್ ಹಾಕಿಕೊಂಡು ಬೇಸಿನ್ ಪಕ್ಕ ಕೈಕಟ್ಟಿ ನಿಂತಿದ್ದರು. ಅಕ್ಕ ಖಾಲಿ ಟ್ರೇಗೆ ಪುಡಿ ಕಲಸಿ ತುಂಬಿ, ಹೆಬ್ಬೆರಳಿಂದ ಒತ್ತಿ ನೋಡಿ ತಲೆಯಾಡಿಸಿದಳು.

"ಇದು ಅಚ್ಚಿಗೆ ಆಗಲ್ಲ ಸಾರ್. ಹಲ್ಲು ತುಂಬೋ ಸಿಮೆಂಟಿಗೆ ಆಗಬಹುದು, ನಾಳೆ ನೋಡೋಣ."

"ಎಷ್ಟು ಚೆನ್ನಾಗಿದೆ ಅಕ್ಕ. ಇನ್ನೊಂದು ಸಲ ಹಾಕ್ಲಾ?"

"ನನ್ನನ್ನ ಒಪ್ಪಿಸಿ ಏನು ಬಂತು ಸಾರ್" ಎಂದಳು ಅಕ್ಕ, ಟ್ರೇ ಕೆರೆಯುತ್ತ. "ಪುಡಿ ಒಪ್ಪಬೇಕಲ್ಲ."