ಸುಷ್ಮಾಳ ಕೈಯ ಬೊಬ್ಬೆಗಳು

ಸುಷ್ಮಾ, ನಿನ್ನ ಚರ್ಮದಲ್ಲಿ ಯಾವ ದೋಷವೂ ಇಲ್ಲ. ಹದಿನೇಳು ವರ್ಷಗಳ ಹಿಂದೆ ನಿನ್ನ ಕೈಮೇಲೆ ಎದ್ದ ಬೊಬ್ಬೆಗಳು ಅಲರ್ಜಿಯವಲ್ಲ. ನಾನು ಸುಟ್ಟೆ. ಸುಟ್ಟು, ಸುಳ್ಳು ಹೇಳಿದೆ.

ಕುಮಾರಸ್ವಾಮಿ ಲೇಔಟಿನ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಪಾರ್ಲರ್ ತೆರೆದು ಎರಡನೇ ವಾರ ಅದು. ಮರುದಿನ ನಿನ್ನ ನಿಶ್ಚಿತಾರ್ಥ, ಕೈಯ ಕೂದಲು ತೆಗೆಸಿಕೊಳ್ಳಲು ಬಂದಿದ್ದೆ. ಕರೆಂಟ್ ಹೋಗಿತ್ತು. ವ್ಯಾಕ್ಸ್ ಡಬ್ಬಿಯನ್ನು ಅಡುಗೆಮನೆಯ ಗ್ಯಾಸ್ ಮೇಲಿಟ್ಟು ಕಾಯಿಸಿದೆ. ಹಚ್ಚುವ ಮುನ್ನ ಒಂದು ಹನಿಯನ್ನು ನನ್ನ ಮಣಿಕಟ್ಟಿನ ಮೇಲೆ ಹಾಕಿಕೊಂಡು ನೋಡಬೇಕಿತ್ತು — ನಾನು ಕಲಿತ ಮೊದಲ ಪಾಠವೇ ಅದು. ನೋಡಲಿಲ್ಲ. ತಡವಾದರೆ ನೀನು ಎದ್ದು ಹೊರಟೇಬಿಡುತ್ತೀಯೇನೋ ಎಂಬ ಆತುರ...

"ಆಂಟಿ, ಸುಡ್ತಾ ಇದೆ," ಎಂದೆ ನೀನು.

"ಸ್ವಲ್ಪ ಬಿಸಿ ಇದ್ರೇನೇ ನೀಟಾಗಿ ಬರೋದು," ಎನ್ನುತ್ತಲೇ ಮತ್ತೊಂದು ಕಡೆ ಹಚ್ಚಿದೆ.

ಮೂರನೇ ದಿನ ನೀನು ಬಂದು ಕೈ ಚಾಚಿದೆ. ಮಣಿಕಟ್ಟಿನ ಮೇಲೆ ಸಾಲಾಗಿ ನಾಲ್ಕು ಬೊಬ್ಬೆ, ಒಂದೊಂದೂ ಅವರೆಕಾಳಿನಷ್ಟು. ಬಳೆ ಉಜ್ಜಿ ಒಂದು ಒಡೆದಿತ್ತು. ನಿಶ್ಚಿತಾರ್ಥದಲ್ಲಿ ಕೈಗೆ ಸೆರಗು ಮುಚ್ಚಿಕೊಂಡೇ ಉಂಗುರ ಹಾಕಿಸಿಕೊಂಡೆಯಂತೆ. ನೀನು ಜಗಳಕ್ಕೆ ಬಂದಿರಲಿಲ್ಲ — ಏನು ಹಚ್ಚಲಿ ಎಂದು ಕೇಳಲು ಬಂದಿದ್ದೆ.

ಬೊಬ್ಬೆ ಹೇಗೆ ಏಳುತ್ತದೆಂದು ನನಗೆ ಗೊತ್ತಿತ್ತು. ತರಬೇತಿಯಲ್ಲಿ ಮೇಡಂ ಹೇಳಿದ್ದನ್ನು ನನ್ನ ಕೈಯಾರೆ ಬರೆದುಕೊಂಡಿದ್ದೆ. ಬಿಸಿ ತಾಗಿದರೆ, ಚಪ್ಪಲಿ ಉಜ್ಜಿದರೆ, ಕಟುವಾದ ಕೆಮಿಕಲ್ ಬಿದ್ದರೆ ಚರ್ಮದ ಮೇಲ್ಪದರ ಕೆಳಗಿನದರಿಂದ ಬಿಟ್ಟುಕೊಳ್ಳುತ್ತದೆ. ಆ ಸಂದಿಯಲ್ಲಿ ರಕ್ತದ ತಿಳಿನೀರು ಬಸಿದು ತುಂಬುತ್ತದೆ. ಅಡಿಯಲ್ಲಿ ಹೊಸ ಚರ್ಮ ಬೆಳೆಯುವವರೆಗೆ ಆ ನೀರೇ ಅದಕ್ಕೆ ಮೆತ್ತೆ, ಒಡೆಯಬಾರದು. ಕೆಲವರಿಗೆ ಅಲರ್ಜಿಯಿಂದಲೂ ಬರಬಹುದು — ಕೊನೆಯ ಆ ಒಂದು ಸಾಲಿನ ಹಿಂದೆ ನಾನು ಅಡಗಿಕೊಂಡೆ.

"ನಿನ್ ಸ್ಕಿನ್ ತುಂಬಾ ಸೆನ್ಸಿಟಿವ್ ಕಣಮ್ಮ. ಬೇರೆ ಯಾರಿಗೂ ಹೀಗಾಗಿಲ್ಲ."

ಬೇರೆ ಯಾರಿಗೂ! ನನ್ನ ಹತ್ತಿರ ವ್ಯಾಕ್ಸ್ ಮಾಡಿಸಿಕೊಂಡವರಲ್ಲಿ ನೀನೇ ಮೊದಲನೆಯವಳು.

ನೀನು ನಂಬಿದೆ. "ಸಾರಿ ಆಂಟಿ, ನಂಗೇ ಗೊತ್ತಿರ್ಲಿಲ್ಲ," ಎಂದು ನನ್ನ ಕ್ಷಮೆ ಕೇಳಿದೆ.

ಆಮೇಲೆ ನೀನು ನನಗಾಗಿ ಮಾಡಿದ್ದು — ಎಲ್ಲಿಂದ ಹೇಳಲಿ? ಬಿಟಿಎಂ ಲೇಔಟಿನ ನಿನ್ನ ಆಫೀಸಿನ ಗೆಳತಿಯರನ್ನೆಲ್ಲ ಕರೆತಂದೆ. ಮೊದಲ ವರ್ಷ ಪಾರ್ಲರ್ ಉಳಿದದ್ದೇ ಅವರಿಂದ. ಚಿಕೂನ್‌ಗುನ್ಯಾ ಬಂದು ಬಾಚಣಿಗೆ ಹಿಡಿಯಲೂ ಆಗದೆ ನಾನು ಮಲಗಿದ್ದಾಗ ಸ್ಕೂಟರಿನಲ್ಲಿ ಅನ್ನ ಸಾರು ತಂದೆ, ನನ್ನ ಜಡೆ ಹೆಣೆದೆ. ಊರವರ ತಲೆ ಬಾಚುವವಳು ನಾನು. ಅಮ್ಮ ಹೋದ ಮೇಲೆ ನನ್ನ ತಲೆ ಬಾಚಿದವಳು ನೀನೊಬ್ಬಳೇ. ಆವತ್ತೇ ಹೇಳಬೇಕೆಂದಿದ್ದೆ. ನಿನ್ನನ್ನು ಕಳೆದುಕೊಳ್ಳುವ ಭಯ — ಇಲ್ಲ, ಅದೂ ಒಂದು ನೆಪ.

ಕಳೆದ ಭಾನುವಾರ ನಿನ್ನ ಮಗಳು ಧೃತಿಯನ್ನು ಕರೆತಂದೆಯಲ್ಲ. ಸ್ಕೂಲ್ ಡೇ ಡ್ಯಾನ್ಸಿಗೆ ವ್ಯಾಕ್ಸ್ ಮಾಡಿಸಿಕೊಳ್ಳಬೇಕೆಂದು ಅವಳಿಗೆ ಆಸೆ. "ಬೇಡ ಆಂಟಿ, ಇವಳಿಗೂ ನಂದೇ ಸ್ಕಿನ್ ಬಂದಿರತ್ತೆ," ಎಂದು ನೀನು ನಕ್ಕೆ. ಹುಡುಗಿ ತನ್ನ ಕೈಯನ್ನೊಮ್ಮೆ ನೋಡಿಕೊಂಡು ಅಂಗಿಯ ತೋಳನ್ನು ಕೆಳಗೆ ಎಳೆದುಕೊಂಡಳು. ಆಗಲೂ ನಾನು ಬಾಯಿ ಬಿಡಲಿಲ್ಲ.

ಇಷ್ಟು ವರ್ಷ ನೀನು ಹೊಸ ಸೋಪಿಗೂ ಹೆದರಿದೆ. ನಿನ್ನ ಸೀಮಂತಕ್ಕೆ ಮೆಹಂದಿ ಹಾಕಿಸಿಕೊಳ್ಳಲಿಲ್ಲ. ಅದನ್ನೆಲ್ಲ ನಾನು ಹಿಂದಿರುಗಿಸಲಾರೆ. ನಿನ್ನ ಪ್ರೀತಿಗೆ ನಾನು ಋಣಿ ಎಂದರೆ, ಆ ಮಾತೂ ಸಣ್ಣದಾಗುತ್ತದೆ...

ಈ ಕಾಗದವನ್ನು ನಾಳೆ ಬೆಳಿಗ್ಗೆ ನಾನೇ ತಂದು ನಿನ್ನ ಕೈಗೆ ಕೊಡುತ್ತೇನೆ. ನೀನು ಓದಿ ಮುಗಿಸುವವರೆಗೆ ಎದುರಿಗೇ ನಿಂತಿರುತ್ತೇನೆ. ಆಮೇಲೆ, ನೀನು ಒಪ್ಪಿದರೆ, ಧೃತಿಯನ್ನು ಹೊರಗೆ ಕರೆ. ನಿನ್ನಮ್ಮನ ಕೈ ಸುಟ್ಟವಳು ನಾನು ಎಂದು ಅವಳಿಗೆ ನನ್ನ ಬಾಯಿಂದಲೇ ಹೇಳಬೇಕು.